ಗ್ರೂಪಿಗೆ ಬಂದ ವಂಶವೃಕ್ಷವನ್ನು ಎಷ್ಟು ನಂಬಬಹುದು? ಎರಡು ದಾಖಲೆ ಎರಡು ಮಾತು ಹೇಳಿದರೆ ಹೀಗೆ ನೋಡಿ

ಕುಟುಂಬದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ಪಿಡಿಎಫ್ ಆಗಾಗ ಓಡಾಡುತ್ತದೆ. ಮೇಲೆ ಮನೆದೇವರ ಫೋಟೋ, ಕೆಳಗೆ ದೊಡ್ಡ ಆಲದ ಮರ, ಕೊಂಬೆ ಕೊಂಬೆಗೂ ಹೆಸರು. ಬುಡದಲ್ಲಿ ಮೂಲಪುರುಷ: "ಮಾಗಡಿ ಕೆಂಪೇಗೌಡರ ಸೈನ್ಯದಲ್ಲಿದ್ದವರು, 1724ರಲ್ಲಿ ಇಲ್ಲಿಗೆ ಬಂದು ನೆಲೆಸಿದರು." ಕಳಿಸಿದ ಐದೇ ನಿಮಿಷಕ್ಕೆ ಇನ್ನೊಬ್ಬರು ಬರೆಯುತ್ತಾರೆ, "ಅಲ್ಲಪ್ಪ, ಸುಲ್ತಾನರ ಯುದ್ಧ ಆದಮೇಲೆ ಬಂದಿದ್ದು ಅಂತ ನಮ್ಮ ತಾತ ಹೇಳ್ತಿದ್ರು." ಮೂರನೆಯವರು ಹೆಳವರ ಪುಸ್ತಕದ ಫೋಟೋ ಹಾಕುತ್ತಾರೆ. ಅದರಲ್ಲಿ ಇನ್ನೇನೋ ಇರುತ್ತದೆ. ಅಲ್ಲಿಗೆ ಜಗಳ ಶುರು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಇದು ಬರೀ ಹೆಮ್ಮೆಯ ವಿಷಯವಾಗಿ ಉಳಿದಿಲ್ಲ. ಬೆಂಗಳೂರು ಹತ್ತಿರ ಬಂದಷ್ಟೂ ಜಮೀನಿನ ಬೆಲೆ ಏರಿದೆ, ಗ್ರೂಪಿನಲ್ಲಿ ಓಡಾಡಿದ ಮರವೇ ನಾಳೆ ಯಾರದೋ ಫೈಲಿನಲ್ಲಿ ಕಾಣಿಸಿಕೊಳ್ಳಬಹುದು. ಹಾಗಾಗಿ 18ನೇ ಶತಮಾನದ ಹಿರಿಯರೊಬ್ಬರನ್ನು ಹುಡುಕುವುದು ಹೇಗೆ, ದಾಖಲೆಗಳು ಯಾಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ನೋಡೋಣ.

ಮೊದಲು ಊರಿನ ಹೆಸರು ನೋಡಿ

ಇದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಇಂದಿನ ಕನಕಪುರದ ಹಳೆಯ ಹೆಸರು ಕಾನಕಾನಹಳ್ಳಿ. ಇಂದಿನ ರಾಮನಗರದ ಪೇಟೆಗೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಟಿಪ್ಪುವಿನ ನಂತರ ಮೈಸೂರಿಗೆ ಬಂದ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1800ರ ಸುಮಾರಿಗೆ ಹುಟ್ಟಿದ ಪೇಟೆ ಅದು. "ರಾಮನಗರ" ಎಂಬ ಹೆಸರು ಬಂದದ್ದು 20ನೇ ಶತಮಾನದಲ್ಲಿ. ರಾಮನಗರ ಜಿಲ್ಲೆಯಾದದ್ದು 2007ರಲ್ಲಿ, ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿದ್ದು 2025ರಲ್ಲಿ.

ಈಗ ನಿಮ್ಮ ಪಿಡಿಎಫ್ ತೆಗೆಯಿರಿ. "1760ರ ಓಲೆಗರಿಯ ಯಥಾಪ್ರತಿ" ಎಂದು ಹೇಳಿಕೊಂಡು ಒಳಗೆ "ರಾಮನಗರದಿಂದ ಬಂದರು" ಎಂದಿದ್ದರೆ ಅದು ಯಥಾಪ್ರತಿ ಅಲ್ಲ. ಸುಳ್ಳೆಂದೇ ಅರ್ಥವೂ ಅಲ್ಲ. ನಕಲು ಮಾಡಿದವರು ತಮ್ಮ ಕಾಲದ ಹೆಸರು ಹಾಕಿದ್ದಾರೆ, ಅಷ್ಟೇ. ಹೆಸರು ಬದಲಾಯಿಸಿದವರು ಬೇರೆ ಏನು ಬದಲಾಯಿಸಿದ್ದಾರೆ ಎಂದು ಮಾತ್ರ ಎಚ್ಚರವಾಗಿ ನೋಡಬೇಕು.

ಹೆಳವರ ಪುಸ್ತಕ

ನಮ್ಮ ನಾಡಿನಲ್ಲಿ ವಂಶಾವಳಿ ಬರೆದಿಡುವುದನ್ನೇ ಕುಲಕಸುಬು ಮಾಡಿಕೊಂಡ ಸಮುದಾಯವಿದೆ. ಹೆಳವರು ಕೆಲವು ವರ್ಷಗಳಿಗೊಮ್ಮೆ ತಮ್ಮ ಒಕ್ಕಲುಗಳ ಊರಿಗೆ ಬಂದು, ಆ ಮನೆಯ ಮೂಲಸ್ಥಳ, ಬೆಡಗು, ತಲೆಮಾರುಗಳ ಹೆಸರನ್ನು ಹಾಡಿನಂತೆ ಹೇಳುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ, ದವಸವೋ ದುಡ್ಡೋ ಪಡೆದು ಹೋಗುತ್ತಾರೆ. ಹೆಳವ ಎಂದರೆ ಕಾಲಿಲ್ಲದವನು. ಮೂಲಪುರುಷ ಕುಂಟನಾಗಿದ್ದ ಎಂಬ ಕಥೆಯಿಂದಾಗಿ, ಕಾಲು ಮುಚ್ಚುವಂತೆ ಹೊದ್ದು ಎತ್ತಿನ ಮೇಲೆ ಕೂತು ಬರುವುದು ಅವರ ಹಳೆಯ ಪದ್ಧತಿ. ತೆಲುಗಿನ ಕಡೆ ಇದೇ ಕೆಲಸ ಮಾಡುವವರು ಪಿಚ್ಚಗುಂಟಲವರು.

ಹೆಳವರ ದಾಖಲೆಗೆ ಒಂದು ದೊಡ್ಡ ಬಲವಿದೆ. ನಿಮ್ಮ ಮನೆಯ ಆಸ್ತಿ ಜಗಳದಲ್ಲಿ ಅವರಿಗೆ ಪಾಲಿಲ್ಲ. ಹಾಗಾಗಿ ದಾಯಾದಿಗಳ ಹೆಸರನ್ನು ಬಿಟ್ಟುಬಿಡುವ ಆಸೆ ಅವರಿಗಿಲ್ಲ. ಆದರೆ ಬುಡದ ಮಾತು ಬೇರೆ. ದಾನ ಕೊಡುವ ಮನೆಯ ಮೂಲವನ್ನು ಹೊಗಳುವುದು ಅವರ ವೃತ್ತಿಯ ಒಂದು ಭಾಗ. ಹೀಗಾಗಿ ಅವರ ಪುಸ್ತಕದಲ್ಲಿ ಕೊನೆಯ ಐದಾರು ತಲೆಮಾರು ಹೆಚ್ಚು ಗಟ್ಟಿ, ಬುಡಕ್ಕೆ ಹೋದಂತೆ ಕಥೆ ಹೆಚ್ಚು ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಓಲೆಗರಿಯಿಂದ ಕಾಗದಕ್ಕೆ, ಹಳೆ ಪುಸ್ತಕದಿಂದ ಹೊಸದಕ್ಕೆ ನಕಲಾಗುವಾಗ ಒಂದೊಂದು ಹೆಸರು ಬಿಟ್ಟುಹೋಗುವುದೂ ಉಂಟು. ಇನ್ನು ಹೆಣ್ಣುಮಕ್ಕಳ ಹೆಸರು ಅಲ್ಲಿ ಸಿಗುವುದು ಕಡಿಮೆ. ಅದು ಗಂಡುಸಾಲಿನ ಲೆಕ್ಕ.

ಒಂದೇ ಹೆಸರು, ಎಷ್ಟು ಜನ?

ದಾಖಲೆಗಳು ತಾಳೆಯಾಗದಿರಲು ಬಹುಶಃ ಅತಿ ಸಾಮಾನ್ಯ ಕಾರಣ ಇದು. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ರೂಢಿ. ಕೆಂಪಯ್ಯನ ಮಗ ಮರೀಗೌಡ, ಅವನ ಮಗ ಮತ್ತೆ ಕೆಂಪಯ್ಯ. ನಕಲು ಮಾಡುವವರ ಕಣ್ಣು ಒಂದು ಕೆಂಪಯ್ಯನಿಂದ ಇನ್ನೊಂದಕ್ಕೆ ಜಾರಿದರೆ ಎರಡು ತಲೆಮಾರು ಮಾಯ. ದೊಡ್ಡ, ಚಿಕ್ಕ, ಮರಿ, ಹಿರಿಯ ಎಂಬ ಒಂದು ಪದವೇ ಇಬ್ಬರನ್ನು ಬೇರೆ ಮಾಡುವ ಗೆರೆ. ಅದನ್ನು ಟೈಪ್ ಮಾಡುವವರು ಬಿಟ್ಟರೆ ಮುಗಿಯಿತು.

ಮಾಗಡಿಯ ಪ್ರಭುಗಳ ಕಥೆಯೇ ಇದಕ್ಕೆ ಸಾಕ್ಷಿ. 1537ರಲ್ಲಿ ಬೆಂಗಳೂರು ಕಟ್ಟಿದರು ಎನ್ನುವ ಹಿರಿಯ ಕೆಂಪೇಗೌಡರು ಒಬ್ಬರು. ಆಮೇಲೆ ಇಮ್ಮಡಿ ಕೆಂಪೇಗೌಡರು. 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದ ಮೇಲೆ ಈ ಮನೆತನ ಮಾಗಡಿಯಿಂದ ಆಳಿತು. ಕೊನೆಯ ಕೆಂಪ ವೀರಪ್ಪಗೌಡರನ್ನು 1728ರಲ್ಲಿ ಮೈಸೂರಿನ ದಳವಾಯಿ ಸೋಲಿಸಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ನಡುವೆ ಇನ್ನೂ ಕೆಲವರಿದ್ದಾರೆ. ಗ್ರೂಪಿನ ಫಾರ್ವರ್ಡ್‌ಗಳಲ್ಲಿ ಇವರೆಲ್ಲ ಸೇರಿ ಒಬ್ಬರೇ ಕೆಂಪೇಗೌಡರಾಗಿಬಿಡುತ್ತಾರೆ. ಬೆಂಗಳೂರಿನ ಗಡಿಗೋಪುರಗಳನ್ನು ಕಟ್ಟಿದ್ದು ಯಾರು ಎಂಬ ಗೊಂದಲದ ಮೂಲವೂ ಇದೇ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಹಿರಿಯ ಕೆಂಪೇಗೌಡರದೆಂದು ಗುರುತಿಸಿದ ಸಮಾಧಿ 2015ರಲ್ಲಷ್ಟೇ ಸುದ್ದಿಗೆ ಬಂತು. ಅಷ್ಟು ಪ್ರಸಿದ್ಧ ಮನೆತನದ ಗತಿಯೇ ಹೀಗಾದರೆ ನಮ್ಮ ನಿಮ್ಮ ಮನೆಯ ಕೆಂಪಯ್ಯಂದಿರ ಗತಿ ಊಹಿಸಿಕೊಳ್ಳಿ.

ಅಂದಹಾಗೆ, ಪೂರ್ವಜರನ್ನು ಹುಡುಕುವುದೇ ದೊಡ್ಡ ಹವ್ಯಾಸವಾಗಿರುವ ಅಮೆರಿಕದಲ್ಲೂ ಇದೇ ಪಾಡು. 18ನೇ ಶತಮಾನದಲ್ಲಿ ಜರ್ಮನಿಯಿಂದ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದ ಕುಟುಂಬಗಳಲ್ಲಿ ಅಣ್ಣತಮ್ಮಂದಿರೆಲ್ಲರ ಮೊದಲ ಹೆಸರು ಯೋಹಾನ್ ಎಂದಿರುವುದು ಸಾಮಾನ್ಯ. ಮನೆಯಲ್ಲಿ ಕರೆಯುತ್ತಿದ್ದುದು ಎರಡನೇ ಹೆಸರಿನಿಂದ. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ. ಮ್ಯೂಲರ್ ಹೋಗಿ ಮಿಲ್ಲರ್ ಆಯಿತು. ಅವರ ಮೊಮ್ಮಕ್ಕಳು ಇವತ್ತಿಗೂ ಯಾವ ಯೋಹಾನ್ ತಮ್ಮವನು ಎಂದು ಹುಡುಕುತ್ತಲೇ ಇದ್ದಾರೆ.

ಅರವತ್ತು ವರ್ಷದ ಬಲೆ

ನಮ್ಮ ಹಳೆಯ ಬರಹಗಳಲ್ಲಿ ಇಸವಿ ಇರುವುದಿಲ್ಲ, ಸಂವತ್ಸರ ಇರುತ್ತದೆ. ಸಂವತ್ಸರಗಳು 60. ಮುಗಿದ ಮೇಲೆ ಮತ್ತೆ ಮೊದಲಿನಿಂದ. 2024ರ ಯುಗಾದಿಗೆ ಶುರುವಾದದ್ದು ಕ್ರೋಧಿ ಸಂವತ್ಸರ. ಹಿಂದಕ್ಕೆ ಎಣಿಸಿದರೆ 1964, 1904, 1844, 1784, 1724 ಎಲ್ಲವೂ ಕ್ರೋಧಿಯೇ. ಜೊತೆಗೆ ಶಾಲಿವಾಹನ ಶಕ ವರ್ಷ ಕೊಟ್ಟಿದ್ದರೆ ಅದಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಶಕ 1706 ಎಂದರೆ 1784. ಶಕ ಇಲ್ಲದಿದ್ದರೆ, ಪಿಡಿಎಫ್ ಮಾಡಿದವರು ತಮಗೆ ಬೇಕಾದ ಕ್ರೋಧಿಯನ್ನು ಆರಿಸಿಕೊಂಡಿರುತ್ತಾರೆ. ಸಾಮಾನ್ಯವಾಗಿ ಹಳೆಯದನ್ನು!

ಒಂದು ಕಲ್ಪಿತ ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹೆಳವರ ಪುಸ್ತಕದಲ್ಲಿ "ದೊಡ್ಡಕೆಂಪಯ್ಯ ಕ್ರೋಧಿ ಸಂವತ್ಸರದಲ್ಲಿ ಮಾಗಡಿ ಸೀಮೆ ಬಿಟ್ಟು ಬಂದ" ಎಂದಿದೆ. ಪಿಡಿಎಫ್ ಅದನ್ನು 1724 ಮಾಡಿದೆ. ತಾತ ಹೇಳಿದ್ದು ಸುಲ್ತಾನರ ಯುದ್ಧದ ಕಾಲ. ಶಾಲೆಯ ದಾಖಲೆ ಪ್ರಕಾರ ತಾತ ಹುಟ್ಟಿದ್ದು 1915. ಪುಸ್ತಕದಲ್ಲಿ ದೊಡ್ಡಕೆಂಪಯ್ಯ ತಾತನಿಗಿಂತ ಐದು ತಲೆಮಾರು ಮೇಲೆ.

ಒಂದು ತಲೆಮಾರಿಗೆ 25ರಿಂದ 33 ವರ್ಷ ಹಿಡಿಯಿರಿ. ಐದಕ್ಕೆ 125ರಿಂದ 165. ಅಂದರೆ ದೊಡ್ಡಕೆಂಪಯ್ಯ ಹುಟ್ಟಿದ್ದು 1750 ಮತ್ತು 1790ರ ನಡುವೆ. 1724ರಲ್ಲಿ ಆತ ಸಂಸಾರ ಕಟ್ಟಿಕೊಂಡು ಬಂದ ಆಳು ಎಂದಾದರೆ ಪ್ರತಿ ತಲೆಮಾರಿನಲ್ಲೂ ಅಪ್ಪನಿಗೆ 43ರ ಸುಮಾರಿಗೆ ಮಗ ಹುಟ್ಟಿರಬೇಕು. ಒಬ್ಬಿಬ್ಬರ ವಿಷಯದಲ್ಲಿ ಸರಿ, ಸತತ ಐದು ಸಲ ಕಷ್ಟ. 1844 ಎಂದರೆ ಸರಾಸರಿ 20ಕ್ಕೆ ಇಳಿಯುತ್ತದೆ, ಅದೂ ಬಿಗಿ. ಉಳಿಯುವುದು 1784.

ಹಾಗಾದರೆ ತಾತನ ಮಾತು? 1784ರಲ್ಲಿ ಮಂಗಳೂರು ಒಪ್ಪಂದದೊಂದಿಗೆ ಎರಡನೇ ಮೈಸೂರು ಯುದ್ಧ ಮುಗಿದಿತ್ತು. ಆದರೆ ಈ ಸೀಮೆಯನ್ನೇ ನೇರವಾಗಿ ತಟ್ಟಿದ್ದು ಮೂರನೇ ಯುದ್ಧ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಮಾಗಡಿ ಬಳಿಯ ಸಾವನದುರ್ಗವನ್ನು ಹಿಡಿಯಿತು. ಶತ್ರುವಿಗೆ ಉಪಯೋಗವಾಗಬಾರದೆಂದು ಟಿಪ್ಪು ಕಾನಕಾನಹಳ್ಳಿಯನ್ನು ಎರಡು ಸಲ ಹಾಳುಗೆಡವಿಸಿದ ಎಂದು ಗೆಜೆಟಿಯರ್ ಹೇಳುತ್ತದೆ. ಅಂಥ ಕಾಲದಲ್ಲಿ ಊರು ಬಿಡುವುದು ಸಹಜ. 1791ರ ಸಂವತ್ಸರ ಯಾವುದು? ವಿರೋಧಿಕೃತು. ಬಾಯಿಂದ ಬಾಯಿಗೆ ಹೋಗುವಾಗ ವಿರೋಧಿಕೃತು, ವಿರೋಧಿ, ಕ್ರೋಧಿ ಒಂದರೊಳಗೊಂದು ಕಲೆಸುವುದು ಕಷ್ಟವಲ್ಲ. ಆದ್ದರಿಂದ ಈ ಮನೆಯವರು ಮರದಲ್ಲಿ ಬರೆಯಬೇಕಾದದ್ದು "1784 ಅಥವಾ 1791" ಎಂದು, ಜೊತೆಗೆ ಯಾವುದನ್ನು ಯಾರು ಹೇಳಿದರು ಎಂದು. 1724ನ್ನು ಅಳಿಸಬಹುದು. ಅದರ ಜೊತೆ ಕೆಂಪೇಗೌಡರ ಸೈನ್ಯದ ಕಥೆಯೂ ಸಡಿಲವಾಗುತ್ತದೆ. 1728ಕ್ಕೇ ಆ ಆಳ್ವಿಕೆ ಮುಗಿದಿತ್ತು, ದೊಡ್ಡಕೆಂಪಯ್ಯ ಆಗಿನ್ನೂ ಹುಟ್ಟಿರಲಿಲ್ಲ.

ಟಿಪ್ಪು ಕಾಲದ ಕಾಗದವೇ ಕೈಗೆ ಸಿಕ್ಕರೆ ಇನ್ನೊಂದು ತೊಡಕು. ಆತ ಮೌಲೂದಿ ಎಂಬ ತನ್ನದೇ ಶಕ ತಂದಿದ್ದ. ಅದರ 1215, 1220 ಮುಂತಾದ ಅಂಕಿಗಳನ್ನು ಇಸವಿ ಎಂದೋ ಶಾಲಿವಾಹನ ಶಕ ಎಂದೋ ಓದಿದರೆ ನಿಮ್ಮ ಹಿರಿಯರು ಹೊಯ್ಸಳರ ಕಾಲಕ್ಕೆ ಹೋಗಿಬಿಡುತ್ತಾರೆ.

ಇಬ್ಬರ ಎಣಿಕೆ ಬೇರೆ, ಇಬ್ಬರದೂ ಸರಿ

ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು ಬಹಳ ಕಾಲ ರೂಢಿಯಲ್ಲಿತ್ತು. ಆ ಮನೆಯ ಮಗುವಿಗೆ ಅಪ್ಪನ ಅಪ್ಪ ತಾತ. ಅಮ್ಮನ ಕಡೆಯಿಂದ ಎಣಿಸಿದರೆ ಅದೇ ವ್ಯಕ್ತಿ ಅಜ್ಜಿಯ ಅಪ್ಪ, ಅಂದರೆ ಮುತ್ತಾತ. ಒಬ್ಬ ಚಿಕ್ಕಪ್ಪ ಗಂಡುಸಾಲಿನಲ್ಲಿ ಎಣಿಸಿ "ಏಳನೇ ತಲೆಮಾರು" ಎಂದರೆ, ಇನ್ನೊಬ್ಬ ಅತ್ತೆ ತಾಯಿಯ ಕಡೆಯಿಂದ "ಎಂಟು" ಎನ್ನಬಹುದು. ಜಗಳವೇ ಬೇಡ. ದತ್ತು ಬಂದವರು, ಮನೆ ಅಳಿಯನಾಗಿ ಉಳಿದವರು ಇದ್ದರೂ ಹೀಗೇ ಆಗುತ್ತದೆ. ಒಂದು ದಾಖಲೆ ಹೆತ್ತ ಮನೆ ಹೇಳುತ್ತದೆ, ಇನ್ನೊಂದು ಸೇರಿದ ಮನೆ.

"ಡಿಎನ್‌ಎ ಟೆಸ್ಟ್ ಮಾಡಿಸಿದರೆ ಮೂಲಪುರುಷ ಗೊತ್ತಾಗುತ್ತಾನೆ" ಎಂಬ ಫಾರ್ವರ್ಡ್‌ಗೆ ಉತ್ತರ ಚಿಕ್ಕದು. ಎಂಟು ತಲೆಮಾರು ಹಿಂದೆ ಹೋದರೆ ಲೆಕ್ಕಕ್ಕೆ 256 ಪೂರ್ವಜರು. ಒಬ್ಬೊಬ್ಬರಿಂದ ನಿಮಗೆ ಬಂದಿರುವ ಡಿಎನ್‌ಎ ಸರಾಸರಿ ಶೇ. 0.4. ಪರೀಕ್ಷೆ ಹೆಸರನ್ನಂತೂ ಹೇಳುವುದಿಲ್ಲ.

ಎಲ್ಲಿ ಹುಡುಕಬೇಕು

ಜಮೀನಿನ ದಾಖಲೆಯಿಂದ ಹಿಂದಕ್ಕೆ ಹೋಗಿ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅಲ್ಲಿಂದಾಚೆಗಿನ ಸರ್ವೆ ಕಾಗದಗಳಲ್ಲಿ ನಿಮ್ಮ ಹಿರಿಯರ ಹೆಸರು ಸಿಗುವ ಸಾಧ್ಯತೆ ಚೆನ್ನಾಗಿದೆ. ಇನಾಂ ಜಮೀನು ಇದ್ದ ಮನೆಗಳಿಗೆ ಇನಾಂ ದಾಖಲೆ ಇರುತ್ತದೆ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲೂ ಕೇಳಬಹುದು. ಇನ್ನೂ ಹಿಂದಿನ ಕಾಗದಗಳು ಮೋಡಿ ಲಿಪಿಯಲ್ಲೋ ಪಾರ್ಸಿಯಲ್ಲೋ ಇದ್ದರೆ ಬಲ್ಲವರ ಸಹಾಯ ಬೇಕು. ಶಾಸನಗಳಿಗೆ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿ ತಾಲ್ಲೂಕುಗಳಿವೆ. 1800ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಗಾಜಿನ ಬಳೆ, ವಾದ್ಯಗಳ ಉಕ್ಕಿನ ತಂತಿ, ಸಕ್ಕರೆ ಮಾಡುವವರ ಬಗ್ಗೆ ಬರೆದಿದ್ದಾನೆ. ವ್ಯಕ್ತಿಯ ಹೆಸರು ಸಿಗದಿದ್ದರೂ ನಿಮ್ಮ ಮನೆಯ ಕಸುಬಿನ ಕಥೆ ಆ ಕಾಲಕ್ಕೆ ಹೊಂದುತ್ತದೆಯೇ ಎಂದು ನೋಡಲು ಇದು ಉಪಯೋಗ. ಮನೆದೇವರನ್ನೂ ಮರೆಯಬೇಡಿ. ಕನಕಪುರದ ಹಳ್ಳಿಯ ಮನೆಗೆ ಮಾಗಡಿ ರಂಗನಾಥಸ್ವಾಮಿ ಮನೆದೇವರು ಎಂದರೆ ಅದು ಹಳೆಯ ಊರಿನ ಸುಳಿವು ಇರಬಹುದು.

ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಬೇರೆಯೇ ವಸ್ತು. ಅದು ಅರ್ಜಿದಾರರ ಪ್ರಮಾಣಪತ್ರ ಮತ್ತು ಗ್ರಾಮದ ಅಧಿಕಾರಿಯ ವರದಿಯ ಮೇಲೆ ನಿಂತಿರುತ್ತದೆ, ಹತ್ತಿರದ ವಾರಸುದಾರರನ್ನು ತೋರಿಸಲು ಇರುವುದು. ಗ್ರೂಪಿನ ಪಿಡಿಎಫ್ ನೋಡಿಕೊಂಡು ಆ ಅರ್ಜಿ ತುಂಬುವವರಿದ್ದಾರೆ, ಅಪಾಯ ಇರುವುದು ಇಲ್ಲೇ. ಪಿಡಿಎಫ್‌ನಲ್ಲಿ ಹೆಣ್ಣುಮಕ್ಕಳು ಇರುವುದಿಲ್ಲ. ಅರ್ಜಿಯಲ್ಲೂ ಬಿಟ್ಟುಹೋದರೆ ಅವರ ಪಾಲೇ ಬಿಟ್ಟುಹೋದಂತೆ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ತಂದೆ ಆ ತಿದ್ದುಪಡಿಗೆ ಮುಂಚೆಯೇ ತೀರಿಕೊಂಡಿದ್ದರೂ ಈ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿದೆ. ನಿಮ್ಮ ಅತ್ತೆಯರ, ಅಕ್ಕಂದಿರ ಹೆಸರು ಮರದಲ್ಲಿ ಇದೆಯೇ ಎಂದು ಇವತ್ತೇ ನೋಡಿ, ಇಲ್ಲದಿದ್ದರೆ ಅದೇ ಗ್ರೂಪಿನಲ್ಲಿ ಕೇಳಿ.

ಅಟ್ಟದ ಮೇಲೆ ಹಳೆಯ ಕಡತ ಸಿಕ್ಕರೆ ಒಂದು ಎಚ್ಚರಿಕೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಾಡಿದ ಕಪ್ಪು ಮಡಿಕೆ ಪುಸ್ತಕ ಅದು. ಬರೆದಿರುವುದು ಬಳಪದಲ್ಲಿ, ಸ್ಲೇಟಿನಂತೆ ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ್ದು. ಫೋಟೋ ಚೆನ್ನಾಗಿ ಬರಲಿ ಎಂದು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಎಣ್ಣೆ ಹಚ್ಚಬೇಡಿ. ಒಣ ಮೃದು ಬ್ರಷ್‌ನಿಂದ ಧೂಳು ಕೊಡವಿ, ಫ್ಲ್ಯಾಶ್ ಇಲ್ಲದೆ, ಕಿಟಕಿಯ ಓರೆ ಬೆಳಕಿನಲ್ಲಿ ಪ್ರತಿ ಮಡಿಕೆಯ ಎರಡೂ ಬದಿಯ ಫೋಟೋ ತೆಗೆಯಿರಿ. ಗ್ರೂಪಿಗೆ ಹಾಕುವಾಗ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಸಣ್ಣ ಅಕ್ಷರಗಳನ್ನು ಮಸುಕು ಮಾಡುತ್ತದೆ.