ನಿರ್ದೇಶಕರಿಗೆ ಕಂಪನಿಯ ಸಾಲ: ಕಾನೂನು ಏನನ್ನುತ್ತದೆ?

ಕುಟುಂಬದ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಮಗಳ ಮದುವೆಗೋ ನಿವೇಶನಕ್ಕೋ ನಿರ್ದೇಶಕರು ಕಂಪನಿಯಿಂದಲೇ ಕೈಸಾಲ ಪಡೆಯುವುದು ಹಳೆಯ ರೂಢಿ. 1956ರ ಕಾಯಿದೆ ಇದಕ್ಕೆ ಅಡ್ಡಿಪಡಿಸಿರಲಿಲ್ಲ. 2013ರ ಕಾಯಿದೆಯ 185ನೇ ಕಲಮು ನಿಷೇಧಿಸಿತು. 2015ರ ಜೂನ್ 5ರ ಅಧಿಸೂಚನೆ ಖಾಸಗಿ ಕಂಪನಿಗಳಿಗೆ ವಿನಾಯಿತಿಯನ್ನು ಮರಳಿಸಿತಾದರೂ ಷರತ್ತುಗಳು ಬಿಗಿಯಾಗಿವೆ. ಷೇರು ಬಂಡವಾಳದಲ್ಲಿ ಬೇರೆ ಕಂಪನಿಯ ಹಣವಿರಕೂಡದು. ಬ್ಯಾಂಕ್ ಮೊದಲಾದವುಗಳ ಸಾಲವು ಪಾವತಿಯಾದ ಬಂಡವಾಳದ ಇಮ್ಮಡಿ ಅಥವಾ 50 ಕೋಟಿ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಕೆಳಗಿರಬೇಕು. ಅದರ ಮರುಪಾವತಿ ತಪ್ಪಿರಕೂಡದು. ಒಂದು ಲಕ್ಷ ಬಂಡವಾಳದ ಕಂಪನಿಯ ಓವರ್‌ಡ್ರಾಫ್ಟ್ ಎರಡು ಲಕ್ಷ ಮುಟ್ಟಿತೆಂದರೆ ವಿನಾಯಿತಿ ಇಲ್ಲ.

ವಿನಾಯಿತಿ ದೊರೆತರೂ ಆದಾಯ ತೆರಿಗೆಯ ಮಾತು ಬೇರೆ. ಶೇ. 10ರಷ್ಟು ಮತಾಧಿಕಾರವುಳ್ಳ ಷೇರುದಾರ ನಿರ್ದೇಶಕರು ಪಡೆದ ಸಾಲವನ್ನು, ಕಂಪನಿಯ ಸಂಚಿತ ಲಾಭದ ಮಟ್ಟಿಗೆ, ಲಾಭಾಂಶವೆಂದೇ ಪರಿಗಣಿಸಲಾಗುತ್ತದೆ. ವರ್ಷಾಂತ್ಯದೊಳಗೆ ಹಿಂದಿರುಗಿಸಿದರೂ ತೆರಿಗೆ ತಪ್ಪದೆಂದು ಸುಪ್ರೀಂ ಕೋರ್ಟ್ 1977ರಲ್ಲೇ ತೀರ್ಪಿತ್ತಿದೆ. ಬಹುಪಾಲು ವರ್ತಕರಿಗೆ ಈ ಸಂಗತಿ ತಿಳಿಯುವುದು ನೋಟಿಸು ಬಂದ ಮೇಲೆ.