ಕೋಣೆಯ ಬಾಗಿಲು ಮುಚ್ಚಿಕೊಂಡು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಒಬ್ಬಂಟಿಯಾಗಿ ಕುಳಿತು ದೇವರೊಡನೆ ಮಾತಾಡುವುದು ಹೊರಗಿನವರು ಬಂದು ಕಲಿಸಬೇಕಾದ ವಿದ್ಯೆಯಲ್ಲ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಡುವ ಲಿಂಗಾಯತ ಗೃಹಸ್ಥನಿಗೆ ಪೂಜಾರಿಯ ಮಧ್ಯಸ್ಥಿಕೆ ಬೇಕಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡ ಏರಿದ ಹೆಂಗಸು ‘ಉಧೋ ಉಧೋ’ ಎನ್ನುವ ಸಂದಣಿಯ ನಡುವೆಯೂ ತನ್ನ ಮನೆಯ ಕಷ್ಟವನ್ನು ತನ್ನದೇ ಮಾತಿನಲ್ಲಿ ದೇವಿಗೆ ಹೇಳಿಕೊಳ್ಳುತ್ತಾಳೆ. ಇಂಥ ನೆಲದಲ್ಲಿ ಅಲ್ಪಸಂಖ್ಯೆಯಲ್ಲಿರುವ ಕ್ರೈಸ್ತರು ಹೇಗೆ ಪ್ರಾರ್ಥಿಸಬೇಕು? ಇದು ಭಾನುವಾರದ ಆರಾಧನೆಯ ಪ್ರಶ್ನೆಯಲ್ಲ. ಅದಕ್ಕೆ ಪುಸ್ತಕವಿದೆ, ಹಾಡಿದೆ, ಗುರುಗಳಿದ್ದಾರೆ. ಉಳಿದ ಆರು ದಿನ ಮನೆಯಲ್ಲಿ ನಡೆಯುವ ಪ್ರಾರ್ಥನೆಗೆ ಇವು ಯಾವುವೂ ಜೊತೆಗಿರುವುದಿಲ್ಲ.

ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಕಳೆದ ಶತಮಾನದಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಹುಡುಕುವ ಪ್ರಯತ್ನ ನಡೆಯಿತು. ಯೇಸುಸಭೆಗೆ ಸೇರಿದ ಗುರುವೊಬ್ಬರು ಅಣಿಮಾನಂದ ಸ್ವಾಮಿ ಎಂಬ ಹೆಸರಿನಲ್ಲಿ ಕಾವಿಯುಟ್ಟು, ಮಾಂಸಾಹಾರ ಬಿಟ್ಟು, ಈ ಭಾಗದ ಸ್ವಾಮಿಗಳಂತೆಯೇ ಬಾಳಿದರು. ಅಲ್ಲಿನ ಆಶ್ರಮದ ಹೆಸರು ಸ್ನಾನಿಕ ಅರುಳಪ್ಪನವರ ವಿರಕ್ತಮಠ. ಅರುಳಪ್ಪ ಎಂಬುದು ಯೊಹಾನನಿಗೆ ತಮಿಳು ಕ್ರೈಸ್ತರು ಇಟ್ಟ ಹೆಸರು. ಸ್ನಾನಿಕನೆಂದರೆ ದೀಕ್ಷಾಸ್ನಾನ ಮಾಡಿಸಿದವನು. ವಿರಕ್ತಮಠವಂತೂ ಅಚ್ಚ ಲಿಂಗಾಯತ ಮಾತು. 1606ರಲ್ಲಿ ಮಧುರೆಗೆ ಬಂದ ರಾಬರ್ಟೊ ದೆ ನೊಬಿಲಿ ಹಾಕಿಕೊಟ್ಟ ದಾರಿಯಿದು. ಇದನ್ನು ಬರಿಯ ವೇಷವೆಂದು ಹೊರಗಿನವರು ಶಂಕಿಸಬಹುದು, ನಮ್ಮತನ ಕರಗಿತೆಂದು ಒಳಗಿನವರು ಅಂಜಬಹುದು. ಎರಡೂ ಸಂದೇಹಗಳಿಗೆ ಅರ್ಥವಿಲ್ಲದಿಲ್ಲ. ಆದರೆ ಉಡುಪಿನ ಚರ್ಚೆಯಲ್ಲಿ ಮುಖ್ಯವಾದ ಮಾತೊಂದು ಮರೆಯಾಗುತ್ತದೆ: ಬಟ್ಟೆ ಯಾವುದೇ ಇರಲಿ, ಒಳಗಿನ ಮಾತು ಯಾರದು?

ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಹೇಳಿದ್ದು, ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸಬೇಡಿ, ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿ ಎಂದು. ಒಂದೇ ಅಂಕಣದ ಮನೆಯಲ್ಲಿ ಐದಾರು ಜನ ಬದುಕುವವರಿಗೆ ಇದು ತಮಾಷೆಯಾಗಿ ಕಂಡೀತು. ಆದರೆ ಮತ್ತಾಯನ ಗ್ರೀಕ್ ಮೂಲದಲ್ಲಿರುವ ಪದದ ಮೊದಲ ಅರ್ಥ ಉಗ್ರಾಣ, ಅಂದರೆ ಕಾಳುಕಡಿ ಇಡುವ ಕತ್ತಲೆ ಕೋಣೆ. ಪೂಜೆಗೆಂದೇ ಕಟ್ಟಿದ ಜಾಗವಲ್ಲ ಅದು. ಜೋಳದ ಚೀಲಗಳ ನಡುವೆ ನಿಂತವನನ್ನು ಯಾರೂ ನೋಡುವುದಿಲ್ಲ. ಯಾರೂ ನೋಡದ ಕಡೆ ಭಕ್ತಿಯನ್ನು ನಟಿಸುವ ಪ್ರಮೇಯವೇ ಬರುವುದಿಲ್ಲ.

ನಟನೆ ಇಷ್ಟಕ್ಕೇ ಬಿಡುವುದಿಲ್ಲ, ಭಾಷೆಯೊಳಗೂ ನುಸುಳುತ್ತದೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ನೆಲೆಯೂರಿದ ಮೇಲೆ ಈ ಭಾಗದ ಪ್ರೊಟೆಸ್ಟೆಂಟರಿಗೆ ಅಚ್ಚುಕಟ್ಟಾದ ಗ್ರಾಂಥಿಕ ಪ್ರಾರ್ಥನಾಭಾಷೆ ದೊರೆಯಿತು. ಹೊಲದಲ್ಲಿ ‘ಏನ್ ಮಾಡ್ಲಿ ದೇವ್ರ’ ಎನ್ನುವ ಬಾಯಿ, ಕಣ್ಣು ಮುಚ್ಚಿದೊಡನೆ ‘ಕರುಣಾಳುವಾದ’ ಎಂದು ಶುರುಮಾಡುತ್ತದೆ. ಹಳೆಯ ಪ್ರೊಟೆಸ್ಟೆಂಟ್ ಅನುವಾದದ ಕರ್ತನ ಪ್ರಾರ್ಥನೆಯಲ್ಲಿ ದೇವರಿಗೆ ‘ನಿನ್ನ’ ಎಂದಿದೆ. ಕಥೋಲಿಕರ ಬಳಕೆಯಲ್ಲಿ ‘ನಿಮ್ಮ’ ಎಂದಿದೆ. ಸಣ್ಣ ವ್ಯತ್ಯಾಸವೆಂದು ಕಂಡರೂ ಸಣ್ಣದಲ್ಲ. ಸಾಹೇಬರಿಗೆ ‘ನೀವು’, ಅವ್ವನಿಗೆ ‘ನೀನು’ ಎನ್ನುವ ನಾಡಿದು. ವಚನಕಾರರು ದೇವರನ್ನು ಮಾತಾಡಿಸಿದ್ದು ಏಕವಚನದಲ್ಲೇ; ತಮ್ಮ ಕೊರತೆಯನ್ನು ಅವನ ಮುಂದೆ ಮುಚ್ಚುಮರೆಯಿಲ್ಲದೆ ತೆರೆದಿಟ್ಟದ್ದೂ ಹಾಗೆಯೇ. ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಚನ್ನಪ್ಪ ಉತ್ತಂಗಿಯವರು (1881–1962) ಕ್ರೈಸ್ತ ಬೋಧಕರಾಗಿದ್ದೂ ಸರ್ವಜ್ಞನ ವಚನಗಳ ಸಂಗ್ರಹಕ್ಕೆ ವರ್ಷಗಟ್ಟಲೆ ದುಡಿದರು. ಕ್ರಿಸ್ತಭಕ್ತಿಗೂ ಕನ್ನಡದ ನೇರ ನುಡಿಗೂ ವೈರವಿದೆಯೆಂದು ಅವರಿಗೆ ಅನ್ನಿಸಲಿಲ್ಲ.

ಕಂಠಪಾಠದ ಪ್ರಾರ್ಥನೆಯೆಲ್ಲ ಸುಳ್ಳೆಂದು ಇದರ ಅರ್ಥವಲ್ಲ. ದುಃಖದಲ್ಲಿ ಮಾತು ಕಟ್ಟಿಹೋದಾಗ ಜಪಸರದ ಮಣಿಗಳೇ ಆಧಾರ. ಆದರೆ ದಿನಕ್ಕೊಮ್ಮೆಯಾದರೂ ಪುಸ್ತಕ ಮುಚ್ಚಿಡುವುದು ಒಳ್ಳೆಯದು. ಇದಕ್ಕೆ ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲ ತೋರಿಸಿದ ಕ್ರಮ ಬಲು ಸರಳ. ಪೋಪರ ಒಪ್ಪಿಗೆ ಪಡೆದು 1548ರಲ್ಲಿ ಅಚ್ಚಾದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ಅದಿದೆ. ಮೊದಲು ದೇವರಿಗೆ ವಂದನೆ, ಬಳಿಕ ತನ್ನನ್ನು ತಾನು ಕಾಣಲು ಬೆಳಕು ಕೊಡೆಂಬ ಬೇಡಿಕೆ, ಆಮೇಲೆ ಎದ್ದ ಗಳಿಗೆಯಿಂದ ದಿನದ ಲೆಕ್ಕ, ತಪ್ಪಿದ್ದಕ್ಕೆ ಕ್ಷಮೆ, ಕೊನೆಗೆ ನಾಳೆಯ ಸಂಕಲ್ಪ. ಬೈಲಹೊಂಗಲದ ಅರಳೆ ವ್ಯಾಪಾರಿಯೊಬ್ಬ ರಾತ್ರಿ ಹೀಗೆ ಕುಳಿತನೆನ್ನಿ. ‘ನಾನು ಪಾಪಿ’ ಎಂದು ಒಟ್ಟಾರೆ ಹೇಳುವುದು ಅವನಿಗೆ ಸುಲಭ. ‘ಇವತ್ತು ಮಧ್ಯಾಹ್ನ ಆ ಮುದುಕನ ತೂಕದಲ್ಲಿ ಎರಡು ಕಿಲೋ ಹೊಡೆದೆ’ ಎನ್ನುವುದು ಕಷ್ಟ. ಹಾಗೆ ಹೇಳಿದ ಮೇಲೆ ಮರುದಿನ ಮುದುಕನ ಮನೆಗೆ ಹೋಗದೆ ಗತ್ಯಂತರವಿಲ್ಲ. ಹತ್ತು ನಿಮಿಷದ ಈ ಲೆಕ್ಕವನ್ನು ಮುಂದೂಡುವುದಕ್ಕೆ ನಿದ್ದೆ, ದಣಿವುಗಳ ನೆಪ ಹೂಡುವುದು ಇದಕ್ಕಾಗಿಯೇ ಇರಬೇಕು.

ಬೇಡುವುದರಲ್ಲೂ ಸಂಕೋಚ ಕಾಣುತ್ತದೆ. ಮಳೆ ಕೈಕೊಟ್ಟ ವರ್ಷ ರಾಮದುರ್ಗದ ರೈತ ಮಳೆ ಬೇಡಬಾರದೇ? ‘ನಿನ್ನ ಚಿತ್ತ’ ಎಂದು ಅವಸರವಾಗಿ ಮುಗಿಸಿಬಿಡುವುದು ಎಷ್ಟೋ ಸಲ ಶರಣಾಗತಿಯಲ್ಲ, ನಿರಾಶೆಯಿಂದ ಪಾರಾಗುವ ಜಾಣತನ. ಬೈಬಲಿನ ನೂರೈವತ್ತು ಕೀರ್ತನೆಗಳಲ್ಲಿ ದೂರು, ಗೋಳು, ‘ಎಷ್ಟರವರೆಗೆ’ ಎಂಬ ಜಗಳ ತುಂಬಿವೆ. ಗೆತ್ಸೆಮನೆಯ ತೋಟದಲ್ಲಿ ಯೇಸುವೂ ಮೊದಲು ಬೇಡಿದ್ದು ಬಟ್ಟಲು ತಪ್ಪಲಿ ಎಂದು. ನಿನ್ನ ಚಿತ್ತವೆಂದದ್ದು ಆಮೇಲೆ. ಅದೇ ಮಾತನ್ನು ಅವನು ಮೂರು ಸಲ ಬೇಡಿದನೆಂದು ಮತ್ತಾಯ ಬರೆಯುತ್ತಾನೆ. ಅಷ್ಟು ಹೊತ್ತೂ ಗೆಳೆಯರು ನಿದ್ದೆಹೋಗಿದ್ದರು. ಬಟ್ಟಲು ತಪ್ಪಲಿಲ್ಲ. ಅದೇ ಕಥೆಯನ್ನು ಗ್ರೀಕಿನಲ್ಲಿ ಬರೆಯುವಾಗ ಮಾರ್ಕನು ಅಂದು ಯೇಸು ತಂದೆಯನ್ನು ಕರೆದ ಅರಮೇಯ ಮನೆಮಾತನ್ನು ಮಾತ್ರ ಬದಲಿಸದೆ ಉಳಿಸಿಕೊಂಡ: ‘ಅಬ್ಬಾ’. ಕನ್ನಡದವರಿಗೆ ಅದನ್ನು ಅನುವಾದಿಸಿ ಹೇಳಬೇಕಾಗಿಲ್ಲ.