ಒಂದಾಗದ ಎರಡು ಕಡತಗಳು: ಕಾಣೆಯಾದವರ ಬಗ್ಗೆ ನಂಬಿಕೆ ಮತ್ತು ಸತ್ಯ

ದಿನಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗಳ ಮಗ್ಗುಲಿಗೆ ಒಂದು ಪುಟ್ಟ ಫೋಟೊ. ಅದರ ಕೆಳಗೆ ಚಹರೆ ಪಟ್ಟಿ: ಎತ್ತರ 5.4 ಅಡಿ, ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮತ್ತು ತೆಲುಗು ಮಾತನಾಡುತ್ತಾರೆ. ಈ ಚಹರೆಗೆ ಹೊಂದುವವರು ಯಾವ ಬಸ್ ನಿಲ್ದಾಣದಲ್ಲಾದರೂ ಹತ್ತಾರು ಮಂದಿ ಸಿಗುತ್ತಾರೆ. ಆಗಾಗ ಅದೇ ಪುಟದಲ್ಲಿ ಇನ್ನೊಂದು ಪ್ರಕಟಣೆಯೂ ಇರುತ್ತದೆ: ಅಪರಿಚಿತ ಶವ ಪತ್ತೆ, ವಾರಸುದಾರರು ಠಾಣೆಯನ್ನು ಸಂಪರ್ಕಿಸುವುದು.

ಕಾಣೆಯಾದವರ ಪ್ರಕರಣ ಎಂದೊಡನೆ ನಮ್ಮ ತಲೆಗೆ ಬರುವುದು ಪತ್ತೇದಾರಿ ಕಥೆ: ಜಾಣ ಅಪರಾಧಿ, ಅಳಿಸಿಹೋದ ಸುಳಿವು, ಭೇದಿಸಲಾಗದ ರಹಸ್ಯ. ವಾಸ್ತವ ಇದಕ್ಕಿಂತ ಸಪ್ಪೆ, ಆದ್ದರಿಂದಲೇ ಹೆಚ್ಚು ನೋವಿನದು. ಕಾಣೆಯಾದವರ ಕಡತ ಒಂದು ಠಾಣೆಯಲ್ಲಿರುತ್ತದೆ. ಸಿಕ್ಕವರ ಕಡತ ಇನ್ನೊಂದು ಜಿಲ್ಲೆಯ ಆಸ್ಪತ್ರೆ, ನಿರಾಶ್ರಿತರ ಕೇಂದ್ರ ಅಥವಾ ಶವಾಗಾರದಲ್ಲಿರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರಿಲ್ಲ. ಬಹಳಷ್ಟು ಪ್ರಕರಣಗಳು ಉತ್ತರವಿಲ್ಲದೆ ಉಳಿಯುವುದು ಈ ಅಂತರದಲ್ಲಿ. ನಮ್ಮ ಕೆಲವು ನಂಬಿಕೆಗಳು ಆ ಅಂತರವನ್ನು ಇನ್ನಷ್ಟು ಹಿಗ್ಗಿಸುತ್ತವೆ.

ನಂಬಿಕೆ 1: ದೂರು ಕೊಡಲು 24 ಗಂಟೆ ಕಾಯಬೇಕು

ಸತ್ಯ: ಅಂಥ ನಿಯಮ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಸಿನಿಮಾಗಳಿಂದಲೂ, ‘ನಾಳೆ ಬೆಳಿಗ್ಗೆ ನೋಡೋಣ, ಬರಬಹುದು’ ಎನ್ನುವ ಠಾಣೆಯ ಮಾತಿನಿಂದಲೂ ಅದು ಜನರಲ್ಲಿ ಬೇರೂರಿದೆ. ಮಕ್ಕಳ ವಿಷಯದಲ್ಲಂತೂ ಕಾನೂನು ಸ್ಪಷ್ಟವಾಗಿದೆ. 2013ರ ಮೇ ತಿಂಗಳಲ್ಲಿ ಬಚ್‌ಪನ್ ಬಚಾವೋ ಆಂದೋಲನ ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಹೀಗೆ ಹೇಳಿತು: ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು, ಬೇರೆ ಕಾರಣ ಸಾಬೀತಾಗುವವರೆಗೆ ಅಪಹರಣ ಅಥವಾ ಕಳ್ಳಸಾಗಣೆ ನಡೆದಿದೆ ಎಂದೇ ಭಾವಿಸಿ ತನಿಖೆ ಮಾಡಬೇಕು. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು.

‘ಇದು ನಮ್ಮ ವ್ಯಾಪ್ತಿಯಲ್ಲ’ ಎಂಬ ಮಾತಿಗೂ ಕಾನೂನಿನ ಬಲವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಗಂಭೀರ ಅಪರಾಧದ ಮಾಹಿತಿ ಬಂದರೆ ಅದು ಎಲ್ಲಿ ನಡೆದಿದ್ದರೂ ಯಾವ ಠಾಣೆಯಾದರೂ ದಾಖಲಿಸಿಕೊಳ್ಳಬೇಕು.

ಕಾಯುವುದರಿಂದ ಆಗುವ ನಷ್ಟ ಬಹಳ ಸರಳವಾದದ್ದು. ಅಂಗಡಿ ಮುಂದಿನ ಸಿಸಿಟಿವಿ ತನ್ನ ಹಳೆಯ ದೃಶ್ಯದ ಮೇಲೆ ತಾನೇ ಹೊಸತನ್ನು ಬರೆದುಕೊಳ್ಳುತ್ತದೆ. ಯಾರು ಯಾವ ಬಸ್ಸು ಹತ್ತಿದರು ಎಂಬುದು ಕಂಡಕ್ಟರ್‌ಗೆ ಒಂದು ವಾರ ನೆನಪಿರುವುದೂ ಅನುಮಾನ.

ನಂಬಿಕೆ 2: ಮೂರು ವರ್ಷದಲ್ಲಿ 13 ಲಕ್ಷ ಹೆಣ್ಣುಮಕ್ಕಳು ಮಾಯವಾದರು

ಸತ್ಯ: ಈ ಸಂಖ್ಯೆ ಸುಳ್ಳಲ್ಲ, ಅದನ್ನು ಓದಿದ ರೀತಿ ತಪ್ಪು. 2019ರಿಂದ 2021ರವರೆಗೆ ದೇಶದಲ್ಲಿ 18 ವರ್ಷ ಮೀರಿದ 10,61,648 ಮಹಿಳೆಯರು ಮತ್ತು 2,51,430 ಬಾಲಕಿಯರು ಕಾಣೆಯಾದ ಬಗ್ಗೆ ದೂರು ದಾಖಲಾಗಿತ್ತು ಎಂದು 2023ರಲ್ಲಿ ಸಂಸತ್ತಿಗೆ ಮಾಹಿತಿ ಬಂತು. ಅದು ದಾಖಲಾದ ದೂರುಗಳ ಲೆಕ್ಕ. ಮತ್ತೆಂದೂ ಮನೆಗೆ ಬಾರದವರ ಲೆಕ್ಕವಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿ ನೋಡಿದರೆ ಚಿತ್ರ ತಿಳಿಯಾಗುತ್ತದೆ. ಆ ವರ್ಷ ಕಾಣೆಯಾದ ಮಕ್ಕಳು 83,350. ಅವರಲ್ಲಿ 62,946 ಬಾಲಕಿಯರು. ಅದೇ ವರ್ಷ ಪತ್ತೆಯಾದ ಮಕ್ಕಳು 80,561. ‘ಹಾಗಾದರೆ ಬಹುತೇಕ ಎಲ್ಲರೂ ಸಿಕ್ಕರು’ ಎನ್ನುವಂತೆಯೂ ಇಲ್ಲ. ಪತ್ತೆಯಾದವರಲ್ಲಿ ಹಿಂದಿನ ವರ್ಷಗಳಲ್ಲಿ ಕಾಣೆಯಾದವರೂ ಸೇರಿದ್ದಾರೆ. ಹಳೆಯ ಬಾಕಿಯನ್ನೂ ಕೂಡಿಸಿದರೆ ವರ್ಷದ ಕೊನೆಗೆ 47,313 ಮಕ್ಕಳು ಇನ್ನೂ ಸಿಕ್ಕಿರಲಿಲ್ಲ. ಅವರಲ್ಲಿ ನೂರಕ್ಕೆ 71ಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. ಹೆದರಿಸುವ ಶೀರ್ಷಿಕೆಯೂ ಸಮಾಧಾನದ ಶೀರ್ಷಿಕೆಯೂ ಮುಚ್ಚಿಡುವುದು ವರ್ಷದಿಂದ ವರ್ಷಕ್ಕೆ ಉಳಿದುಕೊಂಡು ಬರುವ ಈ ಬಾಕಿಯನ್ನು.

ನಂಬಿಕೆ 3: ಊರಿಗೆ ಬಂದ ಅಪರಿಚಿತರೇ ಮಕ್ಕಳ ಕಳ್ಳರು

ಸತ್ಯ: ಈ ನಂಬಿಕೆ ಜೀವ ತೆಗೆದಿದೆ, ನಮ್ಮ ರಾಜ್ಯದಲ್ಲೇ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಹಾಗೆಯೇ ಸತ್ತರು. ಜೊತೆಗಿದ್ದವರು ಗಾಯಗೊಂಡರು.

ಆಗ ದೇಶವಿಡೀ ಹರಿದಾಡಿದ ವಿಡಿಯೊ ಒಂದರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗೆಂದೇ ಮಾಡಿಸಿದ ಜಾಗೃತಿ ಚಿತ್ರ. ಅವರೇ ಮಗುವನ್ನು ವಾಪಸ್ ತಂದು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕಾಣೆಯಾದ ಮಕ್ಕಳಿಗಾಗಿ ಮಾಡಿದ ಚಿತ್ರ ಅಮಾಯಕರ ಕೊಲೆಗೆ ನೆಪವಾಯಿತು.

ಮಗು ಮನೆ ಬಿಡಲು ಕಾರಣಗಳು ಹಲವು: ಹೊಡೆತ, ಪರೀಕ್ಷೆಯ ಭಯ, ಬಲವಂತದ ಮದುವೆ, ಪ್ರೀತಿ, ಕೆಲಸ ಕೊಡಿಸುತ್ತೇನೆಂದು ನಂಬಿಸಿದ ಪರಿಚಿತರು. ಊರವರ ಕಣ್ಣು ಅಪರಿಚಿತನ ಮೇಲೆ ನೆಟ್ಟಿರುವಾಗ ಪರಿಚಿತನ ಮೇಲೆ ಅನುಮಾನ ಹೋಗುವುದಿಲ್ಲ.

ನಂಬಿಕೆ 4: ದೊಡ್ಡವರು ಕಾಣೆಯಾದರೆ ಓಡಿಹೋಗಿರುತ್ತಾರೆ, ತಾವಾಗಿಯೇ ಬರುತ್ತಾರೆ

ಸತ್ಯ: ವಯಸ್ಕರಿಗೆ ತಮ್ಮಿಷ್ಟದಂತೆ ಮನೆ ಬಿಡುವ ಹಕ್ಕಿದೆ ನಿಜ. ಆದರೆ ‘ಓಡಿಹೋಗಿರಬೇಕು’ ಎಂಬ ಊಹೆಯಿಂದ ತನಿಖೆ ಶುರುವಾದರೆ ಅದು ಅಲ್ಲಿಯೇ ಮುಗಿಯುತ್ತದೆ. ಈ ಊಹೆಗೆ ಮಕ್ಕಳೂ ಬಲಿಯಾಗಿದ್ದಾರೆ. ನೋಯ್ಡಾದ ನಿಠಾರಿಯಲ್ಲಿ ಬಡ ಕುಟುಂಬಗಳು ಮಕ್ಕಳು ಕಾಣೆಯಾಗಿದ್ದಾರೆಂದು ಠಾಣೆಗೆ ಅಲೆದರೂ ದೂರುಗಳಿಗೆ ಬೆಲೆ ಸಿಗಲಿಲ್ಲ. 2006ರ ಡಿಸೆಂಬರ್ ಕೊನೆಯಲ್ಲಿ ಮನೆಯೊಂದರ ಹಿಂದಿನ ಚರಂಡಿಯಲ್ಲಿ ಮಕ್ಕಳ ಎಲುಬುಗಳು ಸಿಕ್ಕವು. ಅಲಹಾಬಾದ್ ಹೈಕೋರ್ಟ್ 2023ರಲ್ಲಿ ತನಿಖೆಯ ಲೋಪಗಳನ್ನು ಕಟುವಾಗಿ ಟೀಕಿಸಿ ಆರೋಪಿಗಳನ್ನು ಖುಲಾಸೆಗೊಳಿಸಿತು. 2025ರಲ್ಲಿ ಸುಪ್ರೀಂ ಕೋರ್ಟ್ ಉಳಿದಿದ್ದ ಕೊನೆಯ ಶಿಕ್ಷೆಯನ್ನೂ ರದ್ದು ಮಾಡಿತು. ಕೊಂದವರಾರು ಎಂಬುದಕ್ಕೆ ಕಾನೂನಿನಲ್ಲಿ ಇಂದಿಗೂ ಉತ್ತರವಿಲ್ಲ.

ತಾವಾಗಿ ಮರಳಲು ಆಗದವರೂ ಇದ್ದಾರೆ. ಮರೆವಿನ ಕಾಯಿಲೆಯ ಹಿರಿಯರು, ಸ್ಕಿಜೋಫ್ರೇನಿಯದಂಥ ಮನೋರೋಗ ಇರುವವರು ಊರು-ಹೆಸರು ಹೇಳಲಾಗದೆ ಭಾಷೆ ಬಾರದ ರಾಜ್ಯ ತಲುಪುತ್ತಾರೆ. ನಾವು ರಸ್ತೆಬದಿಯಲ್ಲಿ ಕಂಡು ‘ಹುಚ್ಚ’ ಎಂದು ದಾಟಿಹೋಗುವ ವ್ಯಕ್ತಿ ಯಾವುದೋ ಠಾಣೆಯ ‘ಕಾಣೆ’ ಪಟ್ಟಿಯಲ್ಲಿರಬಹುದು. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನ ನಡೆಸುವ ಮನೋವೈದ್ಯ ಭರತ್ ವಾಟ್ವಾನಿ ಅಂಥವರಿಗೆ ಚಿಕಿತ್ಸೆ ಕೊಟ್ಟು ಊರಿಗೆ ತಲುಪಿಸುತ್ತಾರೆ. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಔಷಧಿಯಿಂದ ಮನಸ್ಸು ತಿಳಿಯಾದಾಗ ಊರಿನ ಹೆಸರು ನೆನಪಿಗೆ ಬರುತ್ತದೆ. ಅಲ್ಲಿ ಪತ್ತೆದಾರಿಕೆಯ ಮೊದಲ ಸಾಧನವೇ ಔಷಧಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪ್ರಕಾರ ಹೀಗೆ ಅಲೆಯುವವರ ವಿಷಯದಲ್ಲಿ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವುದು ಠಾಣಾಧಿಕಾರಿಯ ಕರ್ತವ್ಯ. ಅಂದರೆ ಎರಡನೆಯ ಕಡತವನ್ನೂ ತೆರೆಯಬೇಕೆಂದು ಕಾನೂನೇ ಹೇಳುತ್ತದೆ.

ನಂಬಿಕೆ 5: ಟವರ್ ಲೊಕೇಶನ್ ಹಾಕಿದರೆ ಸಿಗುತ್ತಾರೆ, ಇಲ್ಲವೇ ಮಂಪರು ಪರೀಕ್ಷೆ, ಅದೂ ಆಗದಿದ್ದರೆ ಅಂಜನ

ಸತ್ಯ: ಟವರ್ ಹೇಳುವುದು ಪ್ರದೇಶವನ್ನು, ಮನೆ ಬಾಗಿಲನ್ನಲ್ಲ. ನಗರದಲ್ಲಿ ಟವರ್‌ಗಳು ಒತ್ತೊತ್ತಾಗಿರುವುದರಿಂದ ಆ ಪ್ರದೇಶ ಚಿಕ್ಕದು. ಮಲೆನಾಡಿನಲ್ಲಿ ಹಲವು ಕಿಲೋಮೀಟರ್ ಕಾಡು-ತೋಟ ಅದರೊಳಗೆ ಬರುತ್ತದೆ. ಫೋನ್ ಆರಿದ ಮೇಲೆ ಉಳಿಯುವುದು ಅದು ಕೊನೆಯ ಸಲ ಹಿಡಿದ ಟವರ್ ಮಾತ್ರ.

ಮಂಪರು ಪರೀಕ್ಷೆಯ ಬಗ್ಗೆ ಟಿವಿಯಲ್ಲಿ ಕೂಗಾಟ ಎಷ್ಟಿದ್ದರೂ ಕಾನೂನು ಬೇರೆ. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಪರೀಕ್ಷೆ ಮಾಡುವುದು ಸಂವಿಧಾನಬಾಹಿರ ಎಂದಿತು. ಒಪ್ಪಿ ಮಾಡಿಸಿಕೊಂಡರೂ ಆ ಸ್ಥಿತಿಯಲ್ಲಿ ಆಡಿದ ಮಾತೇ ಸಾಕ್ಷ್ಯವಾಗದು. ಆ ಮಾತಿನ ಜಾಡು ಹಿಡಿದು ವಸ್ತುವೊಂದು ಸಿಕ್ಕರೆ ಮಾತ್ರ ಅದಕ್ಕೆ ಬೆಲೆ.

ಇನ್ನು ಅಂಜನ, ಶಾಸ್ತ್ರ, ಕಣಿ. ದಿಕ್ಕು ತೋಚದ ಮನೆಯವರನ್ನು ಹಳಿಯುವುದು ಸುಲಭ. ಆದರೆ ‘ಉತ್ತರ ದಿಕ್ಕಿನಲ್ಲಿ, ನೀರಿನ ಹತ್ತಿರ ಇದ್ದಾರೆ’ ಎಂಬ ಮಾತು ಕರ್ನಾಟಕದ ಯಾವ ಊರಿಗೆ ತಾನೇ ಹೊಂದುವುದಿಲ್ಲ? ಹಾಗೆ ಹೋದದ್ದು ದುಡ್ಡು ಮಾತ್ರವಲ್ಲ, ಮೊದಲ ವಾರವೂ ಹೌದು.

ನಂಬಿಕೆ 6: ಸತ್ತಿದ್ದರೆ ನಮಗೆ ತಿಳಿಯುತ್ತಿತ್ತು

ಸತ್ಯ: ತಿಳಿಯಲೇಬೇಕೆಂದಿಲ್ಲ. ಬಗೆಹರಿಯದ ಪ್ರಕರಣಗಳ ಗಂಟು ಇರುವುದು ಇಲ್ಲಿಯೇ.

ಗುರುತಿಲ್ಲದ ದೇಹ ಸಿಕ್ಕಾಗ ಪೊಲೀಸರು ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ ವರದಿ ದಾಖಲಿಸುತ್ತಾರೆ. ಮರಣೋತ್ತರ ಪರೀಕ್ಷೆ, ಕೆಲ ದಿನ ಶವಾಗಾರ, ಒಂದು ಪ್ರಕಟಣೆ. ಯಾರೂ ಬಾರದಿದ್ದರೆ ಅಂತ್ಯಸಂಸ್ಕಾರ. ತುಂಗಭದ್ರಾ ಅಣೆಕಟ್ಟಿನ ಮೇಲ್ಮಟ್ಟದ ಕಾಲುವೆ ಬಳ್ಳಾರಿ ದಾಟಿ ಆಂಧ್ರಕ್ಕೆ ಹರಿಯುತ್ತದೆ. ಅಂಥ ಕಾಲುವೆಯಲ್ಲಿ ಬಿದ್ದ ದೇಹ ಬೇರೊಂದು ರಾಜ್ಯದ, ಬೇರೊಂದು ಭಾಷೆಯಲ್ಲಿ ಕಡತ ಬರೆಯುವ ಠಾಣೆಯ ಗಡಿಯಲ್ಲಿ ತೇಲಬಹುದು. ಹಳಿಯ ಮೇಲೆ ಸಿಕ್ಕರೆ ಅದು ರೈಲ್ವೆ ಪೊಲೀಸರ ವ್ಯಾಪ್ತಿ. ಇತ್ತ ಊರ ಠಾಣೆಯಲ್ಲಿ ‘ಮನುಷ್ಯ ಕಾಣೆ’ ಎಂಬ ಕಡತ ತೆರೆದೇ ಇರುತ್ತದೆ.

ಎರಡನ್ನೂ ಕೂಡಿಸಬಲ್ಲದ್ದು ಡಿಎನ್‌ಎ. 2019ರ ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆಯಲ್ಲಿ ಕಾಣೆಯಾದವರಿಗೆ ಒಂದು, ಗುರುತಿಲ್ಲದ ಮೃತರಿಗೆ ಒಂದು ಎಂದು ಪ್ರತ್ಯೇಕ ಸೂಚಿಗಳಿದ್ದವು. ಖಾಸಗಿತನದ ಬಗ್ಗೆ ನ್ಯಾಯವಾದ ಆಕ್ಷೇಪಗಳೂ ಬಂದವು. 2023ರ ಜುಲೈನಲ್ಲಿ ಸರ್ಕಾರ ಮಸೂದೆಯನ್ನೇ ಹಿಂತೆಗೆದುಕೊಂಡಿತು. ಆಕ್ಷೇಪ ಇದ್ದದ್ದು ಮುಖ್ಯವಾಗಿ ಶಂಕಿತರ, ವಿಚಾರಣಾಧೀನರ ಮಾಹಿತಿ ಕೂಡಿಡುವ ಬಗ್ಗೆ. ತಾವಾಗಿ ರಕ್ತ ಕೊಡಲು ಸಿದ್ಧರಿರುವ ತಾಯಂದಿರಿಗೆ ಉಪಯೋಗವಾಗುತ್ತಿದ್ದ ಭಾಗವೂ ಅದರೊಂದಿಗೇ ಹೋಯಿತು.

ನಂಬಿಕೆ 7: ಏಳು ವರ್ಷವಾದರೆ ತಾನಾಗಿಯೇ ಸತ್ತರೆಂದು ಲೆಕ್ಕ, ಕೇಸೂ ಮುಗಿಯಿತು

ಸತ್ಯ: ಮೊದಲಿನ ಸಾಕ್ಷ್ಯ ಕಾಯ್ದೆಯ 108ನೇ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ ಹೇಳುವುದು ಇಷ್ಟೆ: ಬದುಕಿದ್ದರೆ ಸುದ್ದಿ ತಿಳಿಯಬೇಕಾಗಿದ್ದವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾರೆ ಎನ್ನುವವರೇ ಅದನ್ನು ರುಜುವಾತುಪಡಿಸಬೇಕು. ಇದು ತಾನಾಗಿ ಆಗುವುದಲ್ಲ, ನ್ಯಾಯಾಲಯದ ಮುಂದೆ ಕೇಳಿಕೊಳ್ಳಬೇಕು. ಮರಣ ಯಾವ ದಿನ ಆಯಿತು ಎಂಬುದನ್ನು ಕಾನೂನು ಊಹಿಸುವುದೂ ಇಲ್ಲ. ಎಲ್‌ಐಸಿ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಕಾಣೆಯಾದ ದಿನವೇ ಸತ್ತರು ಎಂದುಕೊಂಡು ಕಂತು ಕಟ್ಟುವುದನ್ನು ನಿಲ್ಲಿಸಿದರೆ ಪಾಲಿಸಿ ರದ್ದಾಗಿ ಕುಟುಂಬಕ್ಕೆ ಏನೂ ಸಿಗದೆ ಹೋಗಬಹುದು.

ಎಲ್ಲ ಸಂದರ್ಭದಲ್ಲೂ ಏಳು ವರ್ಷ ಕಾಯಬೇಕೆಂದೂ ಇಲ್ಲ. 2021ರ ಫೆಬ್ರುವರಿಯಲ್ಲಿ ಉತ್ತರಾಖಂಡದ ಚಮೋಲಿಯಲ್ಲಿ ಪ್ರವಾಹ ಬಂದಾಗ ದೇಹ ಸಿಗದವರಿಗೂ ವಿಚಾರಣೆ ನಡೆಸಿ ಮರಣ ಪ್ರಮಾಣಪತ್ರ ಕೊಡಲು ಕೇಂದ್ರ ಒಪ್ಪಿತು. ಏಳು ವರ್ಷದ ಈ ಊಹೆ ಆಸ್ತಿ, ಪಿಂಚಣಿ, ಮರುಮದುವೆಯಂಥ ನಾಗರಿಕ ವಿಷಯಗಳಿಗೆ. ಕೊಲೆಯ ತನಿಖೆಗೆ ಏಳು ವರ್ಷದ ಬಾಗಿಲು ಎಂಬುದಿಲ್ಲ.

ನಂಬಿಕೆ 8: ಇಷ್ಟು ವರ್ಷ ಸಿಗದ್ದು ಇನ್ನು ಸಿಗುವುದಿಲ್ಲ

ಸತ್ಯ: 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಮಂದಿಯೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಹಡಗು, ವಿಮಾನಗಳ ಭಾರಿ ಶೋಧ ವಿಫಲವಾಯಿತು. 2024ರ ಜನವರಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಚಾಲಕರಹಿತ ನೌಕೆ, ಚೆನ್ನೈನಿಂದ ಸುಮಾರು 310 ಕಿ.ಮೀ. ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅವಶೇಷ ತೋರಿಸಿತು.

ಅರ್ಜೆಂಟೀನಾದ ಅಜ್ಜಿಯರದು ಇನ್ನೂ ದೊಡ್ಡ ಪಾಠ. 1976ರಿಂದ 1983ರವರೆಗಿನ ಸೇನಾ ಆಡಳಿತ ಹಿಡಿದುಕೊಂಡು ಹೋದವರಲ್ಲಿ ಗರ್ಭಿಣಿಯರೂ ಇದ್ದರು. ಅವರ ಮಕ್ಕಳನ್ನು ಬೇರೆಯವರಿಗೆ ಗುಟ್ಟಾಗಿ ಕೊಡಲಾಯಿತು. ತಂದೆ-ತಾಯಿಯೇ ಇಲ್ಲದಿರುವಾಗ ಅಜ್ಜಿಯ ರಕ್ತದಿಂದ ಮೊಮ್ಮಗುವನ್ನು ಗುರುತಿಸಲು ಸಾಧ್ಯವೇ ಎಂದು ಅಜ್ಜಿಯರು ವಿಜ್ಞಾನಿಗಳನ್ನು ಕೇಳಿದರು. ಅಮೆರಿಕದ ತಳಿವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ನೆರವಿಗೆ ಬಂದರು. 1987ರಲ್ಲಿ ರಾಷ್ಟ್ರೀಯ ತಳಿ ದತ್ತಾಂಶ ಬ್ಯಾಂಕ್ ಕಾನೂನಿನಿಂದಲೇ ಸ್ಥಾಪನೆಯಾಯಿತು. ಈವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳ ಗುರುತು ಸಿಕ್ಕಿದೆ, ಅವರಲ್ಲಿ ಕೆಲವರು ನಲವತ್ತು ದಾಟಿದ ಮೇಲೆ. ಅಜ್ಜಿ ತೀರಿಕೊಂಡರೂ ಆಕೆಯ ಮಾದರಿ ಅಲ್ಲಿ ಕಾಯುತ್ತಿರುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲ ದಿನವೇ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ಮಗುವಾದರೆ 1098ಕ್ಕೆ, ತುರ್ತಿದ್ದರೆ 112ಕ್ಕೆ ಕರೆ ಮಾಡಿ. ‘ಸಾಧಾರಣ ಮೈಕಟ್ಟು’ ಎಂದು ಬರೆಸಿ ಸುಮ್ಮನಾಗಬೇಡಿ. ಹಚ್ಚೆ, ಹಳೆಯ ಗಾಯದ ಕಲೆ, ಕಟ್ಟಿಸಿದ ಹಲ್ಲು, ಮೂಳೆಗೆ ಹಾಕಿಸಿದ ರಾಡು, ನುಂಗುತ್ತಿದ್ದ ಮಾತ್ರೆ ಎಲ್ಲವನ್ನೂ ಬರೆಸಿ. ದೇಹ ಗುರುತಿಸುವುದು ಇವುಗಳಿಂದಲೇ. ಹಲ್ಲುಜ್ಜುವ ಬ್ರಷ್, ಬಾಚಣಿಗೆಯನ್ನು ತೊಳೆಯದೆ ಕಾಗದದ ಕವರಿನಲ್ಲಿ ಎತ್ತಿಡಿ. ನಿರಾಶ್ರಿತರ ಕೇಂದ್ರ, ಮಾನಸಿಕ ಆಸ್ಪತ್ರೆ, ರೈಲ್ವೆ ಪೊಲೀಸ್, ನೆರೆ ಜಿಲ್ಲೆಗಳ ಶವಾಗಾರ ಇವೆಲ್ಲಕ್ಕೂ ವಿವರ ಮುಟ್ಟಿದೆಯೇ ಎಂದು ತನಿಖಾಧಿಕಾರಿಯನ್ನು ಲಿಖಿತವಾಗಿ ಕೇಳಿ. ಸಿಕ್ಕಿದ ಮೇಲೆ ಠಾಣೆಗೂ ತಿಳಿಸಿ, ಹಂಚಿದ ಫೋಟೊಗಳನ್ನು ತೆಗೆಸಿ.

ಇಷ್ಟನ್ನೂ ಮನೆಯವರೇ ಮಾಡಬೇಕಾಗಿ ಬಂದಿರುವುದು ಸರಿಯಲ್ಲ. ಪ್ರತಿ ಯುಡಿಆರ್‌ಗೂ ಡಿಎನ್‌ಎ ಮಾದರಿ, ಅದನ್ನು ಕಾಣೆಯಾದವರ ಪಟ್ಟಿಯೊಂದಿಗೆ ಹೋಲಿಸುವ ಹೊಣೆ ಒಬ್ಬ ಅಧಿಕಾರಿಗೆ, ಅದಕ್ಕೊಂದು ಗಡುವು: ಇಷ್ಟನ್ನು ಕಡ್ಡಾಯ ಮಾಡುವ ಪುಟ್ಟ ಕಾನೂನು ಬಂದರೆ, ನಾವು ನಿಗೂಢ ಎಂದು ಕರೆಯುತ್ತಿರುವ ಎಷ್ಟೋ ಪ್ರಕರಣಗಳು ಬರೀ ಕಡತದ ಕೆಲಸವಾಗಿ ಮುಗಿಯುತ್ತವೆ.